ಯಾರೂ ಮುಟ್ಟದ ಚಿಲಕ

ಆರತಿ ಬದನೆಕಾಯಿಗಳನ್ನು ಮೂರನೇ ಸಲ ತೊಳೆಯುತ್ತಿದ್ದಳು. ಮೊದಲು ಸಾಬೂನಿನ ನೀರು, ಆಮೇಲೆ ಉಪ್ಪಿನ ನೀರು, ಕೊನೆಗೆ ಗಂಡ ಮಲ್ಲಿನಾಥ ಕಲಸಿಟ್ಟ ಬ್ಲೀಚಿಂಗ್ ಪೌಡರಿನ ನೀರು. ಅವಳ ಬೆರಳ ಸಂದುಗಳು ಬಿರಿದು ಕೆಂಪಾಗಿದ್ದವು.

"ಹಿಂಗ ತೊಳದ್ರ ಪಲ್ಲೆಕ್ಕ ಬರೇ ಔಷಧದ ವಾಸನಿ ಬರ್ತೈತ್ರಿ," ಎಂದಳು.

"ಬರ್ಲಿ. ಬದುಕಿ ಉಳದ್ರ ಮುಂದ ರುಚಿ ನೋಡೋಣು," ಎಂದು ಮಲ್ಲಿನಾಥ ಇನ್ನೊಂದು ಹಿಡಿ ಪುಡಿಯನ್ನು ಬಕೆಟ್ಟಿಗೆ ಸುರಿದ. ಅವನ ಬಳಿ ಅಳತೆ ಎಂಬುದೇ ಇರಲಿಲ್ಲ. ಮೂಗಿಗೆ ಘಾಟು ಹತ್ತಿ ಕಣ್ಣಲ್ಲಿ ನೀರು ಬಂದರೆ ಮಾತ್ರ ರೋಗ ಸಾಯುತ್ತದೆ ಎಂಬುದು ಅವನ ನಂಬಿಕೆ. ಕೊರೊನಾ ಬಂದ ವರ್ಷದ ಜೂನ್ ತಿಂಗಳು. ಘೋಣಸಗಿಯಲ್ಲಿ ಹಾಗೆ ನಂಬಿದವನು ಅವನೊಬ್ಬನೇ ಆಗಿರಲಿಲ್ಲ.

ಆಗ ಗೋಡೆಯ ಆಚೆಯಿಂದ ಸದ್ದು ಬಂತು. ಟಕ್, ಟಕ್, ಟಕ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಕ್, ಟಕ್, ಟಕ್.

ಆರತಿಯ ಕೈ ನೀರಿನಲ್ಲೇ ನಿಂತಿತು. "ಮತ್ತ ಸುರು ಆತು," ಎಂದು ಪಿಸುಗುಟ್ಟಿದಳು. ಗೋಡೆಯ ಆಚೆಗಿರುವುದು ಅಮೋಘಿಯ ಮನೆ. ಆ ಮನೆಯಲ್ಲಿ ಯಾರೂ ಇರಲಿಲ್ಲ.

ಶನಿವಾರ ಮಧ್ಯಾಹ್ನ ವಿಜಯಪುರದಿಂದ ಆಂಬುಲೆನ್ಸ್ ಬಂದು ಅಮೋಘಿಯನ್ನೂ ಅವನ ಹೆಂಡತಿಯನ್ನೂ ಕರೆದೊಯ್ದಿತ್ತು. ಗಾಡಿಯ ಧೂಳು ಅಡಗುವ ಮೊದಲೇ ಊರಿನವರು ಅವನ ಮುಂಬಾಗಿಲಿನ ಚಿಲಕಕ್ಕೆ ಸರಪಳಿ ಸುತ್ತಿ ಬೀಗ ಹಾಕಿದ್ದರು. ಹಿತ್ತಲ ಬಾಗಿಲಿಗೆ ಜಾಲಿಮುಳ್ಳು ಒಟ್ಟಿದ್ದರು. ಪಕ್ಕದ ಮನೆಯವನಾದ್ದರಿಂದ ಎಲ್ಲರಿಗಿಂತ ಹೆಚ್ಚು ಹೆದರಿದವನು ಮಲ್ಲಿನಾಥನೇ. ಅಮೋಘಿಯ ಮನೆಯ ಮೀಟರಿನ ಫ್ಯೂಜು ಕಿತ್ತು, ದ್ರಾಕ್ಷಿಗೆ ಔಷಧ ಹೊಡೆಯುವ ಪಂಪನ್ನು ತನ್ನ ಮಾಳಿಗೆಗೆ ಏರಿಸಿ, ಅಲ್ಲಿಂದ ಅಮೋಘಿಯ ಮಾಳಿಗೆಗೆ ದಾಟಿ, ಬೆಳಕಿಂಡಿಯೊಳಗೆ ಪೈಪು ಇಳಿಬಿಟ್ಟು ನಾಲ್ಕು ಡ್ರಮ್ಮು ಬ್ಲೀಚಿಂಗ್ ನೀರನ್ನು ಒಳಗೆ ಹೊಡೆದಿದ್ದ. ನೀರು ಮಜ್ಜಿಗೆಯಷ್ಟು ಗಟ್ಟಿಯಾಗಿತ್ತು. ಕೊನೆಗೆ ಬೆಳಕಿಂಡಿಯ ಮೇಲೆ ತಾಡಪಾಲು ಹೊದಿಸಿ ಕಲ್ಲು ಹೇರಿದ್ದ.

ಈಗ ಮಂಗಳವಾರ. ಅಮೋಘಿಯ ಮನೆಯ ಗೋಡೆಗಳ ಮೇಲೆ ಬಿಳಿ ಗೆರೆಗಳು ಇಳಿದು ಒಣಗಿದ್ದವು. ಅಂಗಳದ ಬೇವಿನ ಗಿಡದ ಒಂದು ಮಗ್ಗುಲಿನ ಎಲೆಗಳೆಲ್ಲ ಸುಟ್ಟಂತೆ ಮುರುಟಿದ್ದವು. ಬಾಗಿಲ ಮುಂದೆ ಸುರಿದ ಪುಡಿಯ ಪಟ್ಟಿಯನ್ನು ಇರುವೆ ಕೂಡ ದಾಟುತ್ತಿರಲಿಲ್ಲ. ಅಮೋಘಿ ಸಾಕಿದ ಬೆಕ್ಕು ಮಾತ್ರ ಆ ಪಟ್ಟಿಯ ಈಚೆ ಕುಳಿತು, ಮುಚ್ಚಿದ ಬಾಗಿಲನ್ನೇ ನೋಡುತ್ತಿತ್ತು. ಒಳಗೆ ಸದ್ದಾದಾಗಲೆಲ್ಲ ಅದರ ಕಿವಿಗಳು ಆ ಕಡೆ ಹೊರಳುತ್ತಿದ್ದವು.

ಸದ್ದು ಶುರುವಾದದ್ದು ಭಾನುವಾರ. ಸೋಮವಾರ ಊರಿಗೆ ಇನ್ನೊಂದು ಸುದ್ದಿ ಬಂದಿತ್ತು: ಅಮೋಘಿ ಆಸ್ಪತ್ರೆಯಲ್ಲಿ ಸತ್ತನಂತೆ. ಯಾರು ಹೇಳಿದರು ಎಂಬುದು ಯಾರಿಗೂ ಗೊತ್ತಿಲ್ಲ. ಆದರೆ ಎರಡೂ ಸುದ್ದಿಗಳು ಒಂದಕ್ಕೊಂದು ಸರಿಯಾಗಿ ಕೂಡಿಕೊಂಡವು. ಅಂದಿನಿಂದ ಆ ಓಣಿಯಲ್ಲಿ ಹಗಲಲ್ಲೂ ಯಾರೂ ಅಡ್ಡಾಡಲಿಲ್ಲ.

ಊಟ ಮಾಡದೆ ಎದ್ದ ಮಲ್ಲಿನಾಥ ಹನುಮಂತ ದೇವರ ಗುಡಿಯ ಕಟ್ಟೆಗೆ ಹೋದ. ಅಲ್ಲಿ ಬಸಲಿಂಗಯ್ಯ ಒಬ್ಬರೇ ಕುಳಿತಿದ್ದರು. ಊರಿನಲ್ಲಿ ಎಲ್ಲರೂ ಮಾತು ಕೇಳುವ ಹಿರಿಯರು.

"ಅಯ್ಯನವರ, ಬಾಗಲಾ ತಗದ ನೋಡೂಣೇನ್ರಿ? ನನ್ನ ಹೇಣ್ತಿ ಎರಡ ದಿನಾ ಆತು, ಕಣ್ಣ ಮುಚ್ಚಿಲ್ಲ."

"ಹುಚ್ಚ ಅದೀಯೇನು ತಮ್ಮಾ? ಆ ಚಿಲಕಾ ಮುಟ್ಟಬ್ಯಾಡ. ಅವನ ಜೀವಾ ಮನಿ ಬಿಟ್ಟ ಹೋಗವಲ್ದು. ಹೋಗೂತನಕಾ ಬಡೀತೈತಿ." ಬಸಲಿಂಗಯ್ಯ ತಗ್ಗಿದ ದನಿಯಲ್ಲಿ ಹೇಳಿದರು: "ನನ್ನ ತಮ್ಮನ್ನ ಪ್ಲಾಸ್ಟಿಕ್‌ನ್ಯಾಗ ಸುತ್ತಿ ಒಯ್ದರು. ಮಾರಿ ತೋರಿಸಲಿಲ್ಲ. ಮುಟ್ಟಿದ್ರ ಏನಾಗತೈತಿ ಅನ್ನೂದು ನನಗ ಗೊತ್ತೈತೋ. ನಿನ್ನ ಮ್ಯಾಲಿನ ಕಾಳಜಿಗೇ ಹೇಳಾಕತ್ತೇನಿ."

ಆ ಮಾತಿನಲ್ಲಿ ಕಪಟವಿರಲಿಲ್ಲ. ಮಲ್ಲಿನಾಥ ಮರಳಿ ಬಂದ.

ಅವನು ಓಣಿ ಮುಟ್ಟುವ ಹೊತ್ತಿಗೆ ಅಮೋಘಿಯ ಅಂಗಳದಲ್ಲಿ ಆಶಾ ಕಾರ್ಯಕರ್ತೆ ಬೋರವ್ವ ನಿಂತಿದ್ದಳು. ಮುಖಕ್ಕೆ ಮಾಸ್ಕು, ಕೈಗೆ ರಬ್ಬರಿನ ಗವಸು, ಕಾಲ ಬಳಿ ಎರಡು ಬಕೆಟ್ಟು, ಹಳೆಯ ಬಟ್ಟೆಯ ಗಂಟು.

"ಮಲ್ಲಣ್ಣ, ಈ ಸರಪಳಿ ಕೀಲಿ ಯಾರ ಕಡೆ ಐತಿ? ಮನಿ ಸ್ವಚ್ಛ ಮಾಡಬೇಕು. ಅಮೋಘಣ್ಣ ಹತ್ತ ದಿನದಾಗ ಬರ್ತಾನ."

"ಬರ್ತಾನ? ಸತ್ತ ಮನಿಷ್ಯಾ ಹೆಂಗ ಬರ್ತಾನ ಬೋರವ್ವ?"

"ಯಾರ ಹೇಳಿದ್ರು ಸತ್ತಾನಂತ? ಈಗ ಬರೂ ಮುಂದ ಫೋನಿನ್ಯಾಗ ಮಾತಾಡೇನಿ. ಗಟ್ಟಿ ಅದಾನ."

ಮಲ್ಲಿನಾಥನ ಎದೆ ಒಂದು ಕ್ಷಣ ಹಗುರಾಯಿತು. ಮರುಕ್ಷಣವೇ ಒಳಗಿನಿಂದ ಟಕ್ ಎಂದಿತು. ಈ ಸಲ ಒಂದೇ ಪೆಟ್ಟು, ಬಹಳ ಮೆತ್ತಗೆ. ಬೋರವ್ವ ಬಾಗಿಲ ಕಡೆ ತಿರುಗಿದಳು. ಅಮೋಘಿ ಬದುಕಿದ್ದರೆ ಒಳಗೆ ಬಡಿಯುತ್ತಿರುವುದು ಯಾರು?

ಬೋರವ್ವ ಅವಸರದಿಂದ ಫೋನು ಹಚ್ಚಿದಳು. ಆ ಕಡೆಯಿಂದ ಅಮೋಘಿಯ ಏದುಸಿರಿನ ದನಿ ಕೇಳಿಸಿತು.

"ಬೋರವ್ವ, ಆಗಳೆ ಕೇಳಾಕ ಧೈರ್ಯ ಆಗಲಿಲ್ಲವ್ವ. ನನ್ನ ತಂಗಿ ಪರಸವ್ವ ತನ್ನ ಊರ ಬಿಜ್ಜರಗಿ ಮುಟ್ಟ್ಯಾಳೇನು? ಸಾಂಗ್ಲಿಯಿಂದ ಜತ್ತ ಕಡೀ ಹೊಲಾ ದಾಟಿ, ಶುಕ್ರವಾರ ಮನಿಗಿ ಬಂದಿದ್ಲು. ಗಡಿ ಆಚೆಯಿಂದ ಬಂದಾಳಂತ ಊರಾಗ ಗೊತ್ತಾದ್ರ ಹೊರಗ ಹಾಕ್ತಾರಂತ ನಡುಮನ್ಯಾಗ ಇಟ್ಟಿದ್ವಿ. ಗಾಡಿ ಹತ್ತೂ ಮುಂದ, ಕತ್ತಲಾದಮ್ಯಾಲ ಹಿತ್ತಲ ಬಾಗಲಿಲೆ ಹೋಗಂತ ಹೇಳಿದ್ದೆ. ಫೋನ್ ಹತ್ತವಲ್ದು..."

ಮಲ್ಲಿನಾಥ ಹಿತ್ತಲ ಕಡೆ ಒಟ್ಟಿದ್ದ ಜಾಲಿಮುಳ್ಳನ್ನು ನೋಡಿದ. ಅವನಿಗೆ ಶನಿವಾರದ ಸಂಜೆ ನೆನಪಾಯಿತು. ಎರಡನೆಯ ಡ್ರಮ್ಮು ಖಾಲಿಯಾಗಿ ಪಂಪು ನಿಂತಾಗ, ಬೆಳಕಿಂಡಿಯ ಒಳಗಿನಿಂದ ಒಂದು ಕೆಮ್ಮು ಕೇಳಿಸಿತ್ತು. ಮಿಷನ್ನಿನ ಸದ್ದಿರಬೇಕು ಎಂದುಕೊಂಡು ಮೂರನೆಯ ಡ್ರಮ್ಮು ತುಂಬಿದ್ದ. ನಿಂತ ಮಿಷನ್ನು ಸದ್ದು ಮಾಡುವುದಿಲ್ಲ ಎಂಬುದು ಅವನಿಗೆ ಆಗಲೂ ಗೊತ್ತಿತ್ತು.

ಶನಿವಾರ ಊರಿನವರು ಅವನ ಕೈಗೆ ಕೊಟ್ಟ ಕೀಲಿ ಅಂಗಿಯ ಜೇಬಿನಲ್ಲೇ ಇತ್ತು. ಅವನು ಬಾಗಿಲ ತನಕ ಹೋಗಿ ನಿಂತ. ಸರಪಳಿ, ಚಿಲಕ, ಬೀಗ ಎಲ್ಲದರ ಮೇಲೂ ಬಿಳಿ ಪುಡಿ ಹೆಪ್ಪುಗಟ್ಟಿತ್ತು. ಕೈ ಮುಂದೆ ಹೋಗಲಿಲ್ಲ. ಆ ಚಿಲಕ ಮುಟ್ಟಿದರೆ ತನಗೆ, ಆಮೇಲೆ ಆರತಿಗೆ ರೋಗ ಹತ್ತುವುದು, ಆಮೇಲೆ ಇಬ್ಬರನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಯ್ಯುವುದು ಎಲ್ಲವೂ ಕಣ್ಣ ಮುಂದೆ ಬಂತು.

"ಅಣ್ಣಾ, ತಗೋ, ಈ ಮಾಸ್ಕ್ ಹಾಕ್ಕೋ. ಕೈ ಆಮ್ಯಾಲ ಸಾಬೂನಿನಿಂದ ತೊಳ್ಕೊಳಾಕ ಬರ್ತೈತಿ," ಎಂದಳು ಬೋರವ್ವ. "ಮದಲ ಬಾಗಲಾ ತಗೀ."

ಅವನು ಬೀಗ ತೆಗೆದು ಸರಪಳಿ ಬಿಚ್ಚಿ, ಬರಿಗೈಯಿಂದಲೇ ಚಿಲಕ ಹಿಡಿದ. ಕಬ್ಬಿಣ ತುಕ್ಕು ಹಿಡಿದು ಬಿಗಿದಿತ್ತು. ಭುಜ ಕೊಟ್ಟು ದೂಡಿದಾಗ ಬಾಗಿಲು ತೆರೆದು, ಒಳಗಿನ ಗಾಳಿ ಮುಖಕ್ಕೆ ಬಡಿಯಿತು. ಅದು ಗಾಳಿಯಂತಿರಲಿಲ್ಲ. ಕಣ್ಣು ಉರಿದು, ಗಂಟಲು ಕಟ್ಟಿತು. ಪಡಸಾಲೆಯ ನೆಲ, ಹಾಸಿಗೆ, ದೇವರ ಜಗುಲಿಯ ಫೋಟೋಗಳ ಗಾಜು ಎಲ್ಲದಕ್ಕೂ ಒಂದೇ ಬಣ್ಣ ಬಂದಿತ್ತು. ಫೋಟೋಗಳಲ್ಲಿ ಯಾರ ಮುಖವೂ ಕಾಣುತ್ತಿರಲಿಲ್ಲ. ಆ ಬಿಳುಪಿನ ನಡುವೆ ಮಲ್ಲಿನಾಥನ ಮನೆಯ ಕಡೆಯ ಗೋಡೆಗೆ ಒರಗಿ ಒಂದು ಬಿಳಿಯ ಹೆಣ್ಣು ಕುಳಿತಿತ್ತು. ಕೂದಲು ಬಿಳಿ, ಸೀರೆ ಬಿಳಿ, ಹುಬ್ಬು ಬಿಳಿ. ಕಣ್ಣು ಮಾತ್ರ ಕೆಂಡದಂತೆ ಕೆಂಪು. ಕೈಯಲ್ಲಿ ಸ್ಟೀಲಿನ ತಂಬಿಗೆ.

ಅವನು ಚೀರಲಿಲ್ಲ. ಚೀರುವಷ್ಟು ಉಸಿರು ಇರಲಿಲ್ಲ. ಹೆಣ್ಣು ಬಾಯಿ ತೆರೆಯಿತು. ದನಿ ಬರಲಿಲ್ಲ.

"ಪರಸವ್ವ!" ಎಂದು ಬೋರವ್ವ ಓಡಿದಳು.

ಇಬ್ಬರೂ ಸೇರಿ ಅವಳನ್ನು ಹೊರಗೆ ಹೊತ್ತು ತಂದು, ಗಾಳಿಯಲ್ಲಿ ಒರಗಿಸಿದರು. ಆರತಿ ಬಾಯಿಗೆ ಸೆರಗು ಕಟ್ಟಿಕೊಂಡು ಓಡಿಬಂದು, ಅವಳ ಕಣ್ಣಿಗೆ ತಣ್ಣೀರು ಹನಿಸುತ್ತಾ ಹೋದಳು. ಒಳಗೆ ಮುಚ್ಚಿಟ್ಟ ಮಣ್ಣಿನ ಹರವಿಯಲ್ಲಿದ್ದ ನೀರೊಂದೇ ಪರಸವ್ವನನ್ನು ಮೂರು ದಿನ ಉಳಿಸಿತ್ತು. ಬೋರವ್ವ ತಿಕೋಟಾದ ಆಸ್ಪತ್ರೆಗೆ ಫೋನು ಮಾಡಿದಳು. ಗಾಡಿ ಬರುವ ಹೊತ್ತಿಗೆ ಓಣಿಯ ತುದಿಯಲ್ಲಿ ಜನ ಸೇರಿದ್ದರು. ಯಾರೂ ಹತ್ತಿರ ಬರಲಿಲ್ಲ. ಬಸಲಿಂಗಯ್ಯ ಗೋಡೆ ಹಿಡಿದು ನಿಂತಿದ್ದರು, ತಲೆ ಎತ್ತಲಿಲ್ಲ.

ಎರಡು ದಿನಗಳ ಬಳಿಕ ವರದಿ ಬಂತು. ಪರಸವ್ವನಿಗೆ ಕೊರೊನಾ ಇರಲಿಲ್ಲ. ಅವಳ ಗಂಟಲನ್ನೂ ಎದೆಯನ್ನೂ ಸುಟ್ಟದ್ದು ಬ್ಲೀಚಿಂಗ್ ಒಂದೇ.

ಮಲ್ಲಿನಾಥ ಮನೆ ಸ್ವಚ್ಛ ಮಾಡಲು ತಾನೇ ಹೋದ. ಬೋರವ್ವ ಹೇಳಿಕೊಟ್ಟಂತೆ ಮೊದಲು ಕಿಟಕಿ ಬಾಗಿಲು ತೆಗೆದ, ತಾಡಪಾಲು ಕಿತ್ತ, ಬಿಳಿ ಪುಡಿಯನ್ನೆಲ್ಲ ಬರೀ ನೀರಿನಿಂದ ತೊಳೆದ. ಮನೆ ಆರಿದ ಮೇಲೆ ಚಿಲಕ, ಸ್ವಿಚ್ಚು, ಮಂಚದ ಕಾಲು ಹೀಗೆ ಕೈ ತಾಗುವ ಜಾಗಗಳನ್ನಷ್ಟೇ ಸಾಬೂನು ನೀರಿನಿಂದ ಒರೆಸಿದ.

"ಈಗ ಒಂದ ಲೀಟರ್ ನೀರಿಗಿ ಮೂರ ಚಮಚಾ ಪೌಡರ್, ಅಷ್ಟ. ಹೊಡ್ಯಾಕ ಹೋಗಬ್ಯಾಡ, ಬಟ್ಟೀಲೆ ಒರಸು," ಎಂದಳು ಬೋರವ್ವ. "ಹತ್ತ ಮಿನಿಟ್ ಬಿಟ್ಟು, ತಿರಗಿ ಬರೀ ನೀರಿಲೆ ಒರಸು. ಇದರಾಗ ಸಂಡಾಸಿನ ಆಸಿಡ್ ಗೀಸಿಡ್ ಕೂಡಸಬ್ಯಾಡ, ವಿಷದ ಗಾಳಿ ಏಳ್ತೈತಿ. ಮನಿಷ್ಯಾರ ಮ್ಯಾಲಂತೂ ಒಂದ ಹನಿ ಬೀಳಬಾರದು."

"ಮೂರ ಚಮಚಾ," ಎಂದ ಮಲ್ಲಿನಾಥ. ಎಣಿಸಿ ಎಣಿಸಿ ಬಕೆಟ್ಟಿಗೆ ಹಾಕಿದ.

ಅಮೋಘಿ ಬಂದ ಮರುದಿನ ಪರಸವ್ವನೂ ಆಸ್ಪತ್ರೆಯಿಂದ ಅಲ್ಲಿಗೇ ಬಂದಳು. ಮಲ್ಲಿನಾಥ ಅವರ ಅಂಗಳಕ್ಕೆ ಹೋಗಿ ದೂರ ನಿಂತ.

"ತಂಗೀ, ಮಾಳಗಿ ಮ್ಯಾಲಿಂದ ಹೊಡದಾಂವ ನಾನ."

ಅವಳ ದನಿ ಒಣಗಿದ ಎಲೆ ಸರಿದಂತೆ ಬಂತು. "ಗೊತ್ತೈತಣ್ಣ. ನಾ ಕೆಮ್ಮಿದ್ದು ನಿನಗ ಕೇಳಿತ್ತೇನು?"

ಅಮೋಘಿ, ಅವನ ಹೆಂಡತಿ, ಆರತಿ ಎಲ್ಲರೂ ಅವನನ್ನೇ ನೋಡಿದರು. ಇಲ್ಲ ಎನ್ನುವುದು ಬಹಳ ಸುಲಭವಿತ್ತು.

"ಕೇಳಿತ್ತವ್ವ," ಎಂದ.

ಪರಸವ್ವ ಬಹಳ ಹೊತ್ತು ಅವನನ್ನು ನೋಡಿದಳು. ಕ್ಷಮಿಸಿದೆ ಎನ್ನಲಿಲ್ಲ, ಬಯ್ಯಲೂ ಇಲ್ಲ. ಎದ್ದು ಒಳಗೆ ಹೋದಳು. ಮಲ್ಲಿನಾಥ ಬಿಸಿಲಿನಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಂತು ಮನೆಗೆ ಬಂದ.

ಮುಂದಿನ ವಾರ ಕೆಳಗಿನ ಓಣಿಯ ಒಂದು ಮನೆಯವರನ್ನು ಗಾಡಿ ಒಯ್ದಿತು. ಗಾಡಿ ಮರೆಯಾಗುತ್ತಿದ್ದಂತೆ ಒಬ್ಬ ಸರಪಳಿ ತಂದ, ಇನ್ನೊಬ್ಬ ಪಂಪು ಕೇಳಲು ಬಂದ. ಮಲ್ಲಿನಾಥ ಪಂಪು ಕೊಡಲಿಲ್ಲ. ಮಾಸ್ಕು ಕಟ್ಟಿಕೊಂಡು ಅವರ ಜೊತೆಗೇ ನಡೆದು, ಸರಪಳಿ ಹಿಡಿದವನನ್ನು ಪಕ್ಕಕ್ಕೆ ಸರಿಸಿ ಆ ಮನೆಯ ಬಾಗಿಲನ್ನು ಅಗಲವಾಗಿ ತೆರೆದ. ಒಳಗೆ ಕತ್ತಲಿತ್ತು. ಜನ ಹತ್ತು ಹೆಜ್ಜೆ ಹಿಂದೆ ನಿಂತಿದ್ದರು.

"ಒಳಗ ಯಾರರೆ ಅದೀರೇನು?" ಎಂದು ಕೂಗಿದ.

ಉತ್ತರ ಬರಲಿಲ್ಲ. ಹಿಂದೆ ಯಾರೋ "ಯಾರೂ ಇಲ್ಲ, ನಡೀ ಇನ್ನ" ಎಂದರು. ಮಲ್ಲಿನಾಥ ಕೈ ಎತ್ತಿ ಸುಮ್ಮನಿರಿಸಿದ. ಹೊಸ್ತಿಲ ಮೇಲೆ ಕುಳಿತು, ಒಳಗಿನ ಕತ್ತಲಿಗೆ ಕಿವಿಗೊಟ್ಟ. ಬಹಳ ಹೊತ್ತು ಹಾಗೇ ಕುಳಿತಿದ್ದ. ಆಮೇಲೆ ಎದ್ದು, ಒಂದೊಂದು ಕೋಣೆಯನ್ನೂ ನೋಡಲು ಒಳಗೆ ಹೋದ.