ಬೆಲ್ಲದ ನೀರು

ಪೆಟ್ಟಿಗೆಯ ಅಂಟುಪಟ್ಟಿ ಹರಿದದ್ದೇ ತಡ, ಶೋಭಿತಾಳ ಮೊಣಕೈವರೆಗೂ ಇರುವೆ ಹತ್ತಿದವು. ಒಳಗಿದ್ದ ನಲವತ್ತು ಪ್ಲಾಸ್ಟರ್ ಬಂಡೆಗಳೂ ಬೆಂಗಳೂರಿನಿಂದ ವಾಪಸು ಬಂದಿದ್ದವು. ಮುಟ್ಟಿದರೆ ಬೆರಳಿಗೆ ಅಂಟುತ್ತಿದ್ದವು, ಅಂಚು ಪುಡಿಪುಡಿಯಾಗುತ್ತಿತ್ತು.

ಮೇಜಿನ ಮೇಲೆ ಬೆರಳುದ್ದದ ಸೈನಿಕರನ್ನು ನಿಲ್ಲಿಸಿ, ದಾಳ ಉರುಳಿಸಿ ಯುದ್ಧ ಮಾಡುವ ಮೀಸೆ ಬಂದ ಗಂಡಸರೂ ಈ ಲೋಕದಲ್ಲಿದ್ದಾರೆ. ಅವರ ಸೈನಿಕರಿಗೆ ಅವಿತುಕೊಳ್ಳಲು ಬಂಡೆ ಬೇಕು. ಮಳವಳ್ಳಿಯಲ್ಲಿ ತನ್ನ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಶೋಭಿತಾ ಅವನ್ನು ಮಾಡುತ್ತಿದ್ದಳು. ರಬ್ಬರ್ ಅಚ್ಚಿಗೆ ಪ್ಲಾಸ್ಟರ್ ಹುಯ್ದು, ಒಣಗಿದ ಮೇಲೆ ಕಪ್ಪು ಬಳಿದು, ಉಬ್ಬುಗಳ ಮೇಲಷ್ಟೇ ಬೂದುಬಣ್ಣ ಸವರಿದರೆ ಅಂಗೈಯಗಲದ ತುಂಡೂ ಬೆಟ್ಟದ ಹಾಗೆ ಕಾಣುತ್ತಿತ್ತು. ಕೊಳ್ಳುತ್ತಿದ್ದದ್ದು ಬೆಂಗಳೂರಿನ ಒಂದೇ ಅಂಗಡಿ. ಅದು ಕೈಬಿಟ್ಟರೆ ಶೆಡ್ಡಿಗೆ ಬೀಗ ಹಾಕಬೇಕಿತ್ತು.

ಅಪ್ಪ ಸಿದ್ದರಾಮು ಗಾರೆ ಕೆಲಸದವನು. ಬೆಳಕವಾಡಿಯಿಂದ ಹಲಗೂರಿನವರೆಗೆ ಯಾವ ಗೋಪುರಕ್ಕೆ ಗಾರೆಬೊಂಬೆ ಕೂರಿಸಬೇಕಾದರೂ ಅವನಿಗೇ ಹೇಳಿಕಳಿಸುತ್ತಿದ್ದರು. ಸಿಮೆಂಟು ಬಂತು, ಹೇಳಿಕಳಿಸುವವರು ಮರೆತರು. ಇಪ್ಪತ್ತು ವರ್ಷ ಜಗಲಿಯಲ್ಲಿ ಕೂತು ಬೇಸತ್ತವನನ್ನು ಮಗಳೇ ಪ್ಲಾಸ್ಟರ್ ಕಲಸಲು ಕರೆದಿದ್ದಳು. ಅಂದಿನಿಂದ ಏಳು ಗಂಟೆಗೇ ಸ್ನಾನ ಮುಗಿಸಿ ಶೆಡ್ಡಿಗೆ ಬರುತ್ತಿದ್ದ. ಸತ್ತ ಕೈಗೆ ಜೀವ ಬಂದಿತ್ತು.

"ಏನ್ ಬೆರೆಸ್ದೆ ಅಪ್ಪ ಇದ್ಕೆ?"

"ಬೆಲ್ಲದ್ ನೀರು ಕಣವ್ವ," ಎಂದ ಸಿದ್ದರಾಮು, ಅದರಲ್ಲಿ ಕೇಳುವುದೇನಿದೆ ಎಂಬಂತೆ. "ಬೆಲ್ಲ ಬೀಳ್ದೆ ಗಾರೆ ನಿಂತದಾ? ನಾನ್ ಮಾಡಿದ್ ಬೊಂಬೆ ಇನ್ನೂ ಅಂಗೇ ಅವೆ, ಓಗಿ ನೋಡು."

ಅದು ಸುಣ್ಣದ ಗಾರೆಗೆ, ಈ ಪ್ಲಾಸ್ಟರಿಗಲ್ಲ ಎಂದು ಅವಳು ತಿಳಿಸಿ ಹೇಳಿದಳು. ಅವನು ಒಪ್ಪಲಿಲ್ಲ. ತಪ್ಪು ಅಂಗಡಿಯಲ್ಲಿ ಕೊಂಡ ಬೆಲ್ಲದ್ದು, ಈ ಸಾರಿ ಆಲೆಮನೆಯಿಂದಲೇ ತರುತ್ತೇನೆ ಎಂದ.

ಅಷ್ಟರಲ್ಲಿ ಅಂಗಡಿಯವರ ಫೋನು ಬಂತು. ಅವಳು ಹೊರಗೆ ಹೋಗಿ ಮಾತಾಡಿದಳು. ತಗಡಿನ ಗೋಡೆ ಏನನ್ನು ತಾನೇ ಮುಚ್ಚಿಟ್ಟೀತು?

"ಇಲ್ಲ ಸರ್, ನಾನು ಕಲಸಿದ್ದಲ್ಲ. ಕೂಲಿಯವನೊಬ್ಬ ಇದ್ದ, ಏನೇನೋ ಬೆರೆಸ್ಬಿಟ್ಟಿದಾನೆ. ಅವನನ್ನ ಇವತ್ತೇ ಕೆಲಸದಿಂದ ಬಿಡಿಸ್ಬಿಟ್ಟೆ ಸರ್."

ಕಲಸಿದ್ದು ಅಪ್ಪ ಎಂದಿದ್ದರೆ ಅವರೇನು ನುಂಗಿಬಿಡುತ್ತಿದ್ದರೇ? ಆದರೆ ಆ ಗಳಿಗೆಯಲ್ಲಿ ಅವಳ ನಾಲಿಗೆ ಅವಳನ್ನಷ್ಟೇ ಉಳಿಸಿಕೊಂಡಿತು. ಇನ್ನೊಂದು ಸಾರಿ ಕಳಿಸಿ ನೋಡೋಣ ಎಂದರು ಅಂಗಡಿಯವರು. ಗೆದ್ದ ಖುಷಿಯೇನೂ ಅವಳಿಗಾಗಲಿಲ್ಲ.

ಒಳಗೆ ಬಂದಾಗ ಸಿದ್ದರಾಮು ಕರಣೆ ತೊಳೆದು, ಬಾಂಡ್ಲಿ ಬೋರಲು ಹಾಕಿ, ಸಂಜೆ ಕೆಲಸ ಬಿಟ್ಟವನಂತೆ ಕೈಕಾಲಿಗೆ ನೀರು ಹಾಕಿಕೊಳ್ಳುತ್ತಿದ್ದ. ಇನ್ನೂ ಬೆಳಗಿನ ಹನ್ನೊಂದು ಗಂಟೆ. ಅವಳು "ಅಪ್ಪಾ" ಎಂದು ಕರೆದಳು. ಅವನು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. ಹಿತ್ತಿಲ ಬಾಗಿಲಿನಿಂದ ಮನೆಯೊಳಗೆ ಹೋಗದೆ, ಹೊರಗಿನವರು ಬಂದುಹೋಗುವ ಪಕ್ಕದ ಓಣಿಯಲ್ಲಿ ನಡೆದು ಬೀದಿಗಿಳಿದ.