ರನ್‌ವೇ ನಡುವೆ ಕೆಟ್ಟು ನಿಂತ ಟ್ರ್ಯಾಕ್ಟರು

ನಮ್ಮ ಟ್ರ್ಯಾಕ್ಟರ್ ಓಡುತ್ತಿದ್ದರೆ ಪಕ್ಕದಲ್ಲಿ ಆಕಾಶವೇ ಕಳಚಿ ಬಿದ್ದರೂ ಕೇಳಿಸುತ್ತಿರಲಿಲ್ಲ. ಯಾವನೋ ಲಿಂಕನ್‌ಶೈರ್ ರೈತನ ಆಲೂಗಡ್ಡೆ ಹೊಲದಲ್ಲಿ ದುಡಿದು ಸವೆದಿದ್ದ ಮುದಿ ಯಂತ್ರ ಅದು. ವಾಯುಪಡೆಯವರು ಅದಕ್ಕೆ ನೀಲಿ ಬಣ್ಣ ಬಳಿದು, ಬಾಂಬ್ ಗಾಡಿ ಎಳೆಯಿರಿ ಎಂದು ನಮ್ಮಂಥ ಹೆಣ್ಣುಮಕ್ಕಳ ಕೈಗೆ ಕೊಟ್ಟಿದ್ದರು. ಬಣ್ಣ ಬಳಿದ ಮಾತ್ರಕ್ಕೆ ಬುದ್ಧಿ ಬರುತ್ತದೆಯೇ? ಪೆಟ್ರೋಲ್ ಕುಡಿಸಿದರೆ ಮಾತ್ರ ಎದ್ದೇಳುವುದು, ಎದ್ದ ಮೇಲೆ ಸೀಮೆಎಣ್ಣೆಯಲ್ಲಿ ಓಡುವುದು. ಸೀಮೆಎಣ್ಣೆಯಲ್ಲಿ ಓಡುವಾಗ ಆರಿಸಿದಿರೋ, ಮುಗಿಯಿತು, ಮತ್ತೆ ಎಬ್ಬಿಸಲು ಹರಸಾಹಸ. ಅದಕ್ಕೇ ನಮ್ಮ ಸಾರ್ಜೆಂಟ್ ಓಡ್ಲಿಂಗ್ ಬಂದಾಗಲೆಲ್ಲ ‘ದಾರೀಲಿ ಆರಿಸಬೇಡಿ’ ಎಂಬ ಅದೊಂದೇ ಪುರಾಣ ಬಿಚ್ಚುತ್ತಿದ್ದ.

ಆ ಬೆಳಗ್ಗೆ ಟ್ರ್ಯಾಕ್ಟರ್ ಓಡಿಸುತ್ತಿದ್ದವಳು ಮೇವಿಸ್. ನಾನು ಮಡ್‌ಗಾರ್ಡ್ ಮೇಲೆ ಕೂತಿದ್ದೆ. ರಾತ್ರಿ ಜರ್ಮನಿ ಮೇಲೆ ಬಾಂಬ್ ಹಾಕಲು ಹೋದ ನಮ್ಮ ವಿಮಾನಗಳೆಲ್ಲ ಹಿಂದಿರುಗಿದ್ದವು, ‘ಕ್ಯೂ’ ಅಕ್ಷರ ಬರೆದ ಒಂದನ್ನು ಬಿಟ್ಟು. ಅದರ ಬಾಲದಲ್ಲಿ ಬಂದೂಕು ಹಿಡಿದು ಕೂರುವವನು ಕ್ಲಿಫ್, ಮೇವಿಸಳ ಗಂಡ. ಈಸ್ಟರ್‌ಗೆ ಮದುವೆಯಾಗಿತ್ತು.

“ಮಲ್ಕೋ ಹೋಗೇ, ಗಾಡಿ ನಾನ್ ಬಿಟ್ಟ್ ಬರ್ತೀನಿ” ಅಂದೆ.

“ಮಲಗಿದ್ರೆ ನಿದ್ದೆ ಬರತ್ತೇನೇ ಹಿಲ್ಡಾ? ಸುಮ್ನೆ ಕೂತ್ಕೋ.”

ಖಾಲಿ ಗಾಡಿಗಳನ್ನು ಬಾಂಬ್ ಉಗ್ರಾಣಕ್ಕೆ ಮುಟ್ಟಿಸಲು ರನ್‌ವೇ ದಾಟಬೇಕು. ರನ್‌ವೇ ತುದಿಯ ಕಾವಲಿನವನು ಹಸಿರು ದೀಪ ತೋರಿಸಿದ. ಯಾವ ವಿಮಾನವೂ ಬರುವ ಸುದ್ದಿ ಅವನಿಗಿರಲಿಲ್ಲ. ನಾವು ಕಾಂಕ್ರೀಟಿಗೆ ಹತ್ತಿ ನಡುವಿಗೆ ಬಂದಿದ್ದೆವು, ಅಷ್ಟರಲ್ಲಿ ಮೇವಿಸ್ ಕತ್ತು ಮೇಲೆತ್ತಿ “ಶ್!” ಎಂದಳು. ಆ ಗದ್ದಲದಲ್ಲಿ ಯಾರಿಗೆ ಶ್ ಅಂದಳೋ! ಮರುಗಳಿಗೆ ಕೈ ಚಾಚಿ ಎಂಜಿನ್ ಆರಿಸಿಯೇಬಿಟ್ಟಳು.

ಸದ್ದು ಕೇಳಬೇಕಿತ್ತು ಅವಳಿಗೆ, ಅಷ್ಟೆ. ಕೇಳಿತು ಕೂಡ. ಎಲ್ಮ್ ಮರಗಳಾಚೆ, ಮಂಜಿನೊಳಗಿಂದ, ಕುಂಟುತ್ತ ಬರುತ್ತಿದ್ದ ವಿಮಾನದ ಸದ್ದು.

“ಬಂದ! ನಮ್ಮೋನು ಬಂದ ಕಣೇ!”

ನಾನು ಅವಳ ಭುಜ ಹಿಡಿದು ಅಲ್ಲಾಡಿಸಿದೆ. “ಅಯ್ಯೋ ನಿನ್ನ ಬುದ್ಧಿಗಿಷ್ಟು! ಬಂದೋನು ಎಲ್ಲಿಗೆ ಇಳೀತಾನೆ? ನಮ್ಮ ತಲೆ ಮೇಲಾ?”

ಆಗ ಅವಳಿಗೆ ಅರಿವಾಯಿತು. ಮುಖ ಸುಣ್ಣ ಬಳಿದ ಗೋಡೆಯಂತೆ ಬಿಳಿಚಿತು. ವಿಮಾನ ಮರಗಳ ಮೇಲಿಂದ ಇಣುಕಿತು. ಒಂದು ಕಡೆಯ ಎಂಜಿನ್‌ಗಳೆರಡೂ ಸತ್ತಿದ್ದವು. ಕಾವಲಿನವನು ಆಕಾಶಕ್ಕೆ ಕೆಂಪು ಬೆಳಕಿನ ಬಾಣ ಹಾರಿಸಿದ. ಇಳಿಯಬೇಡ, ಇನ್ನೊಂದು ಸುತ್ತು ಹೊಡೆದು ಬಾ ಎಂದು ಅದರ ಅರ್ಥ. ನಾಲ್ಕರಲ್ಲಿ ಉಳಿದ ಎರಡೇ ಎಂಜಿನ್ನಿನಲ್ಲಿ ಸುತ್ತು ಹೊಡೆಯುವುದೆಂದರೆ ಸಾವಿನ ಜೊತೆ ಸರಸ. ವಿಮಾನ ನರಳುತ್ತ, ನಮ್ಮ ಟೋಪಿ ಹಾರಿಹೋಗುವಷ್ಟು ಕೆಳಗೇ ಹಾದು, ಚರ್ಚಿನ ಗೋಪುರದತ್ತ ವಾಲಿಕೊಂಡು ತಿರುಗಿತು.

“ನಾನೇ ಕೊಂದೆ ಅವನ್ನ” ಎಂದು ಮೇವಿಸ್ ಚೀರಿದಳು.

“ಅಳೋದು ಆಮೇಲೆ! ಇಳಿಯೇ ಕೆಳಗೆ! ಕೆಳಗಿನ ತಿರುಪು ಬಿಚ್ಚು, ಎಣ್ಣೆ ಸುರೀಲಿ!”

ನೂಕೋಣವೆಂದರೆ ಅದೇನು ಮಗುವಿನ ಗಾಡಿಯೇ? ಪೆಟ್ರೋಲಿಗೆ ದಾರಿಯಾಗಲೆಂದು ಎಂಜಿನ್ನಿನೊಳಗೆ ಉಳಿದ ಸೀಮೆಎಣ್ಣೆಯನ್ನೆಲ್ಲ ಮೇವಿಸ್ ನೆಲಕ್ಕೆ ಸುರಿಸಿದಳು. ಪೆಟ್ರೋಲಿನ ನಲ್ಲಿ ತಿರುಗಿಸಿದಳು. ನಾನು ಮುಂದೆ ನಿಂತು ಹ್ಯಾಂಡಲ್ ಹೊಡೆದೆ. ಊಹೂಂ. ಮತ್ತೆ ಹೊಡೆದೆ. ಅದು ತಿರುಗಿ ಬಡಿದು ಮಣಿಕಟ್ಟಿನಲ್ಲಿ ಏನೋ ಲಟಕ್ಕೆಂದಿತು. ದೂರದಲ್ಲಿ ಸದ್ದು ಕ್ಷೀಣಿಸಿತು, ಬಿದ್ದೇಹೋಯಿತು ಅಂದುಕೊಂಡೆ. ಮೇವಿಸ್ ನನ್ನನ್ನು ಪಕ್ಕಕ್ಕೆ ತಳ್ಳಿ, ಹಲ್ಲು ಕಚ್ಚಿ, ಮೈಭಾರವನ್ನೆಲ್ಲ ಹಾಕಿ ತಿರುಗಿಸಿದಳು. ಆ ಹಾಳಾದ ಯಂತ್ರ ಕೆಮ್ಮಿತು, ಹೊಗೆ ಉಗುಳಿತು, ಎದ್ದಿತು.

ನಾವು ಹುಲ್ಲಿಗಿಳಿಯುವುದಕ್ಕೂ ಹಸಿರು ಬಾಣ ಹಾರುವುದಕ್ಕೂ ಸರಿಹೋಯಿತು. ವಿಮಾನ ಧೊಪ್ಪೆಂದು ನೆಲ ಮುಟ್ಟಿತು. ಒಂದು ಚಕ್ರ ಸಿಡಿದು, ಕಿಡಿ ಕಾರುತ್ತ ಜಾರಿ, ರನ್‌ವೇಗೆ ಅಡ್ಡಡ್ಡ ತಿರುಗಿ ನಿಂತಿತು. ಬೆಂಕಿ ಹತ್ತಲಿಲ್ಲ. ನಾನು ಊದುತ್ತಿದ್ದ ಮಣಿಕಟ್ಟು ಹಿಡಿದುಕೊಂಡು ಹುಲ್ಲಿನ ಮೇಲೆ ಕೂತೆ. ಮೇವಿಸ್ ನಗುತ್ತ, ಅಳುತ್ತ ಅದರ ಬಾಲದ ಕಡೆಗೆ ಓಡಿದಳು.

ಬಾಲದ ಬಾಗಿಲಿನಿಂದ ಇಳಿದವನು ಕೆಂಗೂದಲಿನ ಯಾರೋ. ಅವನ ಹಿಂದೆ ಇಳಿದವರೂ ಯಾರೋ. ವಿಮಾನದ ಪಕ್ಕೆಯಲ್ಲಿ ಬರೆದ ಅಕ್ಷರಗಳು ನಮ್ಮ ದಳದವೇ ಅಲ್ಲ. ರೇಡಿಯೋ ಸುಟ್ಟುಹೋಗಿ, ದಾರಿ ತಪ್ಪಿ, ಕಣ್ಣಿಗೆ ಬಿದ್ದ ಮೊದಲ ರನ್‌ವೇಗೆ ಇಳಿದಿದ್ದರು ಪಾಪ.

ಸೈಕಲ್ ತುಳಿದುಕೊಂಡು ಬಂದ ಓಡ್ಲಿಂಗ್, ಬೈಯಲೆಂದು ತೆರೆದ ಬಾಯನ್ನು ಮೇವಿಸಳ ಮುಖ ನೋಡಿ ಮುಚ್ಚಿದ. ‘ಕ್ಯೂ’ನಲ್ಲಿ ತುಂಬಿದ್ದ ಪೆಟ್ರೋಲ್ ಯಾವಾಗಲೋ ಮುಗಿದಿರಬೇಕೆಂದು ಅವನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

“ಬಾಮ್ಮಾ, ಒಂದ್ ಕಪ್ ಟೀ ಕುಡಿಯುವಂತೆ” ಎಂದ.

ಮೇವಿಸ್ ಅವನನ್ನು ನೋಡಲೇ ಇಲ್ಲ. ಟ್ರ್ಯಾಕ್ಟರ್ ಹತ್ತಿ, ಖಾಲಿ ಗಾಡಿಗಳನ್ನು ಹುಲ್ಲಿನ ಮೇಲೇ ಕಳಚಿ, ಅಡ್ಡ ನಿಂತ ವಿಮಾನದ ಬಳಿಗೆ ಹಿಮ್ಮುಖವಾಗಿ ಬಂದಳು.

“ಎಲ್ಲರೂ ಆಚೆ ಸರೀರಿ! ಏನ್ ನೋಡ್ತಾ ನಿಂತಿದ್ದೀರಿ? ಇದನ್ನ ಬೇಗ ಎಳೆದು ಹಾಕ್ಬೇಕು. ರನ್‌ವೇ ಖಾಲಿ ಇಲ್ದೆ ನಮ್ಮೋನು ಎಲ್ಲಿ ಇಳೀಬೇಕು?”

ಸಿಡಿದ ಚಕ್ರದ ಆ ಭಾರವನ್ನು ನಮ್ಮ ಮುದಿ ಯಂತ್ರ ಎಳೆಯುವುದು ಆಗದ ಮಾತು. ಆದರೂ ಓಡ್ಲಿಂಗ್ ಹೋಗಿ ವಿಮಾನಕ್ಕೆ ಹಗ್ಗ ಬಿಗಿದ. ಕೆಂಗೂದಲಿನವನೂ ಬಂದು ಹಗ್ಗಕ್ಕೆ ಕೈ ಹಾಕಿದ. ಊರಿಗೆಲ್ಲ ಬುದ್ಧಿ ಹೇಳುವ ನಾನು, ಊದಿದ ಕೈಯಲ್ಲೇ ಹಗ್ಗವನ್ನು ಟ್ರ್ಯಾಕ್ಟರಿನ ಕೊಕ್ಕೆಗೆ ಸಿಕ್ಕಿಸಿ, “ಹ್ಞೂಂ, ಎಳಿಯೇ” ಎಂದೆ.