ಬರ್ಫದ ಮಾಲು

ಬಸ್ಸು ನಿಲ್ಲಿಸಲು ಹೇಳುವ ಧೈರ್ಯ ತನಗಿಲ್ಲ ಎಂಬುದನ್ನು ಶಾಂಭವಿ ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ. ಡೈರಿಯಲ್ಲಿ ಒಮ್ಮೆ ಬರೆದಿದ್ದಳು. ಯಾರಾದರೂ ಓದಿದರೆ ನಗೆಪಾಟಲಾದೀತೆಂದು ಆ ಸಾಲನ್ನೂ ಗೀಚಿ ಹಾಕಿದ್ದಳು.

ಕಾಸಾರಶಿರಸಿಯಿಂದ ಉಮರ್ಗಾಕ್ಕೆ ಬರುವ ಬಸ್ಸು ಅವಳು ಕೆಲಸ ಮಾಡುವ ಔಷಧದ ಗೋದಾಮಿನ ಮುಂದೆಯೇ ಹಾಯುತ್ತಿತ್ತು. "ನಿಲ್ಲಸ್ರಿ" ಅಂದರೆ ಸಾಕು, ಬಾಗಿಲಲ್ಲೇ ಇಳಿಯಬಹುದು. ಆ ಒಂದು ಮಾತು ದಿನವೂ ಗಂಟಲ ತನಕ ಬರುತ್ತಿತ್ತು. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡುತ್ತಾರೆ ಅನ್ನಿಸಿದ ಕೂಡಲೇ ಒಳಗೆ ಇಳಿದುಬಿಡುತ್ತಿತ್ತು. ಬಸ್‌ಸ್ಟ್ಯಾಂಡಿನ ತನಕ ಹೋಗಿ, ಇಳಿದು, ಬಂದ ದಾರಿಯಲ್ಲೇ ಬಿಸಿಲು ತಿನ್ನುತ್ತ ಹಿಂದಕ್ಕೆ ನಡೆಯುವಾಗ ಅವಳಿಗೆ ತನ್ನ ಬಗ್ಗೆ ಹೇಸಿಗೆಯಾಗುತ್ತಿತ್ತು. ಉದಗೀರದಲ್ಲಿ ಬಿ.ಫಾರ್ಮಸಿ ಓದಿದವಳು, ಮೊಳದುದ್ದದ ಔಷಧದ ಹೆಸರುಗಳನ್ನು ತಡವರಿಸದೆ ಒಪ್ಪಿಸಿದವಳು, ಕಂಡಕ್ಟರನಿಗೆ ಒಂದು ಮಾತು ಹೇಳಲಾರಳು.

"ಬಂದ್ಳು ನೋಡ್ರಿ, ನಮ್ಮ ಗ್ವಾಡಿ ಮ್ಯಾಲಿನ ಮೇಡಂ," ಎಂದು ಗೋದಾಮಿನ ಮಾಲೀಕ ವಿಶ್ವನಾಥಪ್ಪ ಅಂದೂ ನಕ್ಕ.

ಈ ಚೇಷ್ಟೆಗೆ ಕಾರಣವಿತ್ತು. ಔಷಧದ ವ್ಯಾಪಾರಕ್ಕೆ ಓದಿದವರೊಬ್ಬರ ಹೆಸರು ಬೇಕೆಂಬುದು ಕಾಯದೆ. ಹಾಗಾಗಿ ಶಾಂಭವಿಯ ಪ್ರಮಾಣಪತ್ರ ಕಟ್ಟು ಹಾಕಿಸಿಕೊಂಡು, ಊದುಬತ್ತಿಯ ಹೊಗೆ ಕುಡಿಯುತ್ತ ವಿಶ್ವನಾಥಪ್ಪನ ತಲೆಯ ಮೇಲಿನ ಗೋಡೆಗೆ ತೂಗುತ್ತಿತ್ತು. ಅವನಿಗೆ ಬೇಕಾಗಿದ್ದದ್ದು ಆ ಕಟ್ಟು. ಅದರ ಜೊತೆಗೆ ಹುಡುಗಿಯೂ ಬಂದು ಕುರ್ಚಿಯಲ್ಲಿ ಕೂತದ್ದು ಅವನ ಲೆಕ್ಕದಲ್ಲಿ ಹೆಚ್ಚಿನ ಉಪದ್ವ್ಯಾಪ.

ವಿಶ್ವನಾಥಪ್ಪ ಈ ದಂಧೆಗೆ ಇಳಿದದ್ದು ಲಾತೂರಿನ ಭೂಕಂಪದ ವರ್ಷ. ಪರಿಹಾರದ ಲಾರಿಗಳಿಂದ ಔಷಧದ ಪೆಟ್ಟಿಗೆಗಳನ್ನು ಇಳಿಸುತ್ತಿದ್ದವನು, ಎಲ್ಲಾ ಪೆಟ್ಟಿಗೆಗಳೂ ಒಂದೇ ದಾರಿ ಹಿಡಿಯುವುದಿಲ್ಲ ಎಂಬ ವಿದ್ಯೆಯನ್ನು ಆಗಲೇ ಕಲಿತ. ಈಗ ನಿಲಂಗಾ, ಉದಗೀರ, ಜಳಕೋಟದ ತನಕ ಅವನದೇ ಮಾಲು. ಹಣೆತುಂಬ ವಿಭೂತಿ, ಕಿಸೆಯಲ್ಲಿ ಎರಡು ಮೊಬೈಲು, ಬಾಯಲ್ಲಿ ಸದಾ ಸೇವೆ ಎಂಬ ಮಾತು. "ನಂದು ಧಂದಾ ಅಲ್ರಿ, ಸೇವಾ," ಅನ್ನುತ್ತಿದ್ದ. ಹಾಗೆ ಅನ್ನುವಾಗ ಅವನ ಹೊಟ್ಟೆಯೂ ತಲೆದೂಗುತ್ತಿತ್ತು.

ಅವನ ಸೇವೆಗೆಲ್ಲ ಕಿರೀಟವೆಂದರೆ ಬರ್ಫದ ಮಾಲು, ಅಂದರೆ ಮಂಜುಗಡ್ಡೆ ಕಟ್ಟಿಸಿದ ಔಷಧ. ಇನ್ಸುಲಿನ್‌ನಂಥ ಔಷಧಗಳನ್ನು ತಂಪಿನಲ್ಲಿಡಬೇಕು. ಆದರೆ ಅರ್ಧ ದಿನ ಕರೆಂಟೇ ಇರದ ಊರಿನಲ್ಲಿ ಫ್ರಿಜ್ಜು ಬೀರುವಿನ ಸಮಾನ. ಮಾಲು ಬಸ್ಸಿನಲ್ಲಿ ಜಳಕೋಟ ಮುಟ್ಟುವಷ್ಟರಲ್ಲಿ ಬೆಚ್ಚಗಾಗುತ್ತಿತ್ತು. ಅಲ್ಲಿನ ಮೆಡಿಕಲ್ ಅಂಗಡಿಯವರದು ಒಂದೇ ಪರೀಕ್ಷೆ: ಡಬ್ಬಿ ತೆಗೆದು ಕೆನ್ನೆಗೆ ಒತ್ತಿ ನೋಡುವುದು. ಕೆನ್ನೆಗೆ ತಣ್ಣಗೆ ಹತ್ತದಿದ್ದರೆ ಮಾಲು ವಾಪಸು. ಆಗ ವಿಶ್ವನಾಥಪ್ಪ, ವ್ಯಾಪಾರ ಬಿಟ್ಟ ಒಬ್ಬ ಕುಲ್ಫಿಯವನಿಂದ ಕರೆಂಟಿನ ಮೇಲೆ ನಡೆಯುವ ಅವನ ದೊಡ್ಡ ಬರ್ಫದ ಪೆಟ್ಟಿಗೆ ಕೊಂಡು ತಂದ. ಕರೆಂಟು ಇರುವಷ್ಟು ಹೊತ್ತು ಔಷಧವನ್ನು ಅದರಲ್ಲಿ ಗಡ್ಡೆ ಕಟ್ಟಿಸಿ ಕಳಿಸತೊಡಗಿದ. ಸಂಜೆಯ ತನಕ ತಣ್ಣಗೆ! ಅಂಗಡಿಯವರು ಕೆನ್ನೆಗೆ ಒತ್ತಿಕೊಂಡು ಹಿಗ್ಗಿದರು. "ನಮಗ ಉಮರ್ಗಾದ ಬರ್ಫದ ಮಾಲೇ ಬೇಕ್ರಿ" ಎಂಬ ಬೇಡಿಕೆ ಹುಟ್ಟಿತು.

ಗಡ್ಡೆ ಕಟ್ಟಿದ ಇನ್ಸುಲಿನ್ ಸತ್ತ ಇನ್ಸುಲಿನ್. ಕರಗಿದ ಮೇಲೂ ಅದು ಔಷಧದಂತೆ ಕಾಣುತ್ತದೆ, ಮೈಯಲ್ಲಿ ಹೋಗಿ ಕೆಲಸ ಮಾಡುವುದಿಲ್ಲ. ಇದು ಶಾಂಭವಿಗೆ ಗೊತ್ತಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಸೀರೆಯ ಸೆರಗಿಗೆ ಹೇಳಿದ ಹಾಗೆ ಮೆಲ್ಲಗೆ ಹೇಳಿಯೂ ಇದ್ದಳು.

"ಹಾಲು ಹೊರಗಿಟ್ರ ಒಡೀತದ, ಬರ್ಫದಾಗ ಇಟ್ರ ಬಾಳ್ತದ," ಎಂದಿದ್ದ ವಿಶ್ವನಾಥಪ್ಪ. "ಔಷಧಕ್ಕ ಬ್ಯಾರೆ ಕಾಯದಾ ಅದೇನು? ಭೂಕಂಪದಾಗ ಗುಳಿಗಿ, ಸೂಜಿ ಎಲ್ಲಾ ರಸ್ತಾದ ಮ್ಯಾಲ ಬಿಸಲಾಗ ಬಿದ್ದಿದ್ವು. ತಗೊಂಡವರು ಬದಕಿಲ್ಲೇನು? ನೀ ಫೋಟೋ ಇದ್ದಂಗ ಇರಬೇಕವ್ವ. ಫೋಟೋ ಎಂದಾದ್ರೂ ಮಾತಾಡ್ತದೇನು?"

ಅವಳು ಅಂದಿನಿಂದ ಫೋಟೋ ಆದಳು. ಮನಸ್ಸಿನಲ್ಲಿ ಮಾತ್ರ ಅವನನ್ನು ದಿನವೂ ಒಂದೊಂದು ಹೆಸರಿನಿಂದ ಬೈದುಕೊಳ್ಳುತ್ತಿದ್ದಳು: ವಿಭೂತಿ ಬಳಿದ ಡೊಳ್ಳು, ಕುಲ್ಫಿ ಡಾಕ್ಟರ. ಬಾಯಿಂದ ಹೊರಡದ ತಿರಸ್ಕಾರದಿಂದ ಯಾರ ಕೂದಲೂ ಕೊಂಕುವುದಿಲ್ಲ. ಅದು ಅವಳಿಗೂ ತಿಳಿದಿತ್ತು.

ಕಾಸಾರಶಿರಸಿಯಲ್ಲಿ ಅವಳ ಮನೆಯ ಪಕ್ಕದ ಗೋಡೆಗೆ ಗುರುಬಾಯಿಯ ಮನೆ. ಶಾಂಭವಿ ಹುಟ್ಟಿದಾಗ ಎಣ್ಣೆ ಹಚ್ಚಿ ಎರೆದವಳು ಈ ಮುದುಕಿ. ಅವಳಿಗೆ ಗುರುಬಾಯಿ ಅಂದರೆ ಆಯಿ, ಸ್ವಂತ ಅಜ್ಜಿಯ ಹಾಗೆ. ಕೆಲವು ತಿಂಗಳಿಂದ ಆಯಿಗೆ ಸಕ್ಕರೆ ಬೇನೆಯ ಸೂಜಿ ನಡೆದಿತ್ತು. ಸಕ್ಕರೆ ಮಾತ್ರ ಇಳಿಯಲೊಲ್ಲದು. ನಿಲಂಗಾದ ಡಾಕ್ಟರು ಸೂಜಿಯ ಅಳತೆ ಏರಿಸಿದರು, ಮತ್ತೆ ಏರಿಸಿದರು. ಈಗ ಅದು ಮೊದಲಿನ ಮೂರು ಪಟ್ಟಾಗಿತ್ತು. ಕಡೆಗೆ ಅವರೇ ರೇಗಿ, "ಮುದುಕಿ ಕದ್ದು ತಿಂತಾಳ, ನೋಡ್ಕೊಳ್ರಿ" ಎಂದುಬಿಟ್ಟರು. ಅಷ್ಟೇ ಸಾಕಾಯಿತು. ಒಂದು ಕಾಲಕ್ಕೆ ಮನೆಯ ಕೀಲಿಗಳನ್ನೆಲ್ಲ ಸೊಂಟದಲ್ಲಿ ಝಣಝಣಿಸಿಕೊಂಡು ತಿರುಗಿದ ಗುರುಬಾಯಿಯ ಮುಂದೆಯೇ ಬೆಲ್ಲದ ಡಬ್ಬಿಗೆ ಬೀಗ ಬಿತ್ತು.

ಅಂದು ಸಂಜೆ ಶಾಂಭವಿ ಹೋದಾಗ ಸೊಸೆ ಮೀನಲ ಆ ಬೀಗವನ್ನು ಜಗ್ಗಿ ನೋಡುತ್ತಿದ್ದಳು.

"ನಂಗೇನು ಖುಷಿ ಅದೇನ್ ಶಾಂಭವಿ, ಮುದುಕಿ ಬಾಯಿಗಿ ಕೀಲಿ ಹಾಕ್ಲಾಕ?" ಎಂದಳು. "ಡಾಕ್ಟರ ನಂಗೇ ಬೈತಾರ. ನನ್ನ ಗಂಡನೂ ನಂಗೇ ಬೈತಾನ. ಈಕಿ ನೋಡಿದ್ರ ಸಾಧೂನಂಗ ಕೂತಾಳ. ನಿನ್ನೆ ಹಬ್ಬದ ಹೋಳಿಗಿ ಒಂದು ಕಮ್ಮಿ ಬಿತ್ತು. ಯಾರ್ ತಿಂದ್ರು? ಬೆಕ್ಕು ತಿಂತೇನು?"

"ಲಿಂಗದ ಆಣಿ ಯವ್ವಾ, ನಾ ಮುಟ್ಟಿಲ್ಲ," ಮೂಲೆಯಿಂದ ಗುರುಬಾಯಿ ಅಂದಳು. ಆಣೆಯನ್ನು ಎಷ್ಟು ಸಲ ಹಾಕಿದ್ದಳೋ, ಅದರಲ್ಲಿ ಈಗ ಶಕ್ತಿ ಉಳಿದಿರಲಿಲ್ಲ.

"ಕೇಳ್ದಿ? ಲಿಂಗಕ್ಕೂ ಸುಳ್ಳು ಹಚ್ಯಾಳ."

ಮೀನಲ ನಕ್ಕಳು. ಶಾಂಭವಿಯೂ ಅವಳ ಜೊತೆ ನಕ್ಕಳು. ವಯಸ್ಸಾದವರ ಬಾಯಿಚಪಲ ಯಾರಿಗೆ ಗೊತ್ತಿಲ್ಲ ಅಂದುಕೊಂಡಳು.

"ನೀ ಔಷಧ ಓದಿದಾಕಿ," ಎಂದು ಗುರುಬಾಯಿ ಎದ್ದು ದೇವರ ಗೂಡಿನ ಕೆಳಗಿಟ್ಟ ಮಡಕೆಗೆ ಕೈ ಹಾಕಿದಳು. ಹಸಿ ಬಟ್ಟೆಯಲ್ಲಿ ಸುತ್ತಿದ ಪುಟ್ಟ ಶೀಸೆ ಹೊರಗೆ ಬಂತು. "ಫ್ರಿಜ್ ಇಲ್ಲಂತ ತಂಪಿನ ಗಡಗಿಯೊಳಗ ಇಟ್ಟೀನಿ. ದಿನಾ ಎರಡು ಸಲ ಅರಬಿ ತೊಯ್ಸ್ತೀನಿ. ನಂದೇನರ ತಪ್ಪಾದ್ರ ಹೇಳು ಕೂಸೇ."

ಶಾಂಭವಿ ಶೀಸೆಯನ್ನು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ ಬೆಳಕಿಗೆ ಹಿಡಿದಳು. ಹಾಲಿನಂತೆ ಸಮನಾಗಿ ಬೆರೆಯಬೇಕಿದ್ದ ಔಷಧ ಬೆರೆಯಲಿಲ್ಲ. ಒಡೆದ ಹಾಲಿನ ಹಾಗೆ ಬಿಳಿಯ ಹರಳುಗಳು ತೇಲಾಡಿ ಗಾಜಿಗೆ ಅಂಟಿಕೊಂಡವು.

"ಎಲ್ಲಿಂದ ತಂದ್ರಿ?" ಎಂದಳು.

"ನಮ್ಮ ಭೀಮಶಾನ ಅಂಗಡಿಯಿಂದ," ಎಂದಳು ಮೀನಲ, ತುಸು ಹೆಮ್ಮೆಯಿಂದಲೇ. "ಉಮರ್ಗಾದ ಬರ್ಫದ ಮಾಲು. ಅಂವಾ ಬ್ಯಾರೆ ಇಡಂಗೇ ಇಲ್ಲ."

ಮರುದಿನ ಶಾಂಭವಿ, ತೋರಿಸಿ ತರುತ್ತೇನೆಂದು ಇಸಿದುಕೊಂಡಿದ್ದ ಆ ಶೀಸೆಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಗೋದಾಮಿಗೆ ಹೋದಳು. ಅಲ್ಲಿ ಶಾಲು, ತೆಂಗಿನಕಾಯಿ, ಬೆಳ್ಳಿಯ ಬಣ್ಣದ ಒಂದು ಬಹುಮಾನದ ಕಪ್ಪು ಸಜ್ಜಾಗಿದ್ದವು. ಔಷಧದ ಕಂಪನಿಯಿಂದ ಸರಬರಾಜು ನೋಡಿಕೊಳ್ಳುವ ಅಧಿಕಾರಿ ಅಮರನಾಥ ಪುಣೆಯಿಂದ ಕಾರಿನಲ್ಲಿ ಬಂದಿದ್ದ. ಧಾರವಾಡದ ಕಡೆಯವನು, ಈಗ ಒಂದು ವಾಕ್ಯದಲ್ಲಿ ಎರಡು ಸಲ 'ಸಪ್ಲೈ ಚೈನ್' ಅನ್ನದಿದ್ದರೆ ಅವನಿಗೆ ಉಸಿರು ಕಟ್ಟುತ್ತಿತ್ತು.

"ಈ ಇಡೀ ಭಾಗದಲ್ಲಿ ತಂಪಿನ ಮಾಲು ಒಂದೂ ವಾಪಸು ಬರದ ಗೋದಾಮು ನಿಮ್ಮದೊಂದೇ," ಎಂದು ಅವನು ಕಪ್ಪನ್ನು ವಿಶ್ವನಾಥಪ್ಪನ ಕೈಗಿಟ್ಟ. "ಸಪ್ಲೈ ಚೈನ್ ಅಂದರೆ ಹೀಗಿರಬೇಕು."

"ಎಲ್ಲಾ ಅವನ ಕೃಪಾ," ಎಂದು ವಿಶ್ವನಾಥಪ್ಪ ಮೇಲೆ ನೋಡಿದ. ಮೇಲೆ ಇದ್ದದ್ದು ಶಾಂಭವಿಯ ಪ್ರಮಾಣಪತ್ರ.

ಚಹಾದ ತಟ್ಟೆ ಹಿಡಿದು ಬಂದ ಶಾಂಭವಿ ಅಮರನಾಥನ ಮುಂದೆ ಶೀಸೆಯನ್ನಿಟ್ಟಳು. "ಸರ್, ಇದನ್ನ ನೋಡ್ರಿ" ಎಂಬಷ್ಟು ಬಾಯಿಂದ ಬಂತು. ಅವನು ಎತ್ತಿ ಬೆಳಕಿಗೆ ಹಿಡಿದ. ಒಂದು ಗಳಿಗೆ ಅವನ ಮುಖ ಸಪ್ಪಗಾಯಿತು, ಅವನೂ ಓದಿದವನೇ. ಓರೆಗಣ್ಣಿನಿಂದ ಮೂಲೆಯ ಕುಲ್ಫಿ ಪೆಟ್ಟಿಗೆ ನೋಡಿದ. ವಿಶ್ವನಾಥಪ್ಪನ ಕೈಯಲ್ಲಿದ್ದ ಕಪ್ಪನ್ನು ನೋಡಿದ. ಆಮೇಲೆ ಶೀಸೆಯನ್ನು ಎರಡು ಬೆರಳಲ್ಲಿ, ಸತ್ತ ಹಲ್ಲಿಯನ್ನು ಇಡುವ ಹಾಗೆ ತಟ್ಟೆಗೆ ವಾಪಸು ಇಟ್ಟ.

"ಎಲ್ಲಿ ಕೆಟ್ಟಿದೆ ಅಂತ ಹೇಗೆ ಹೇಳ್ತೀರಿ ಮೇಡಂ? ಪೇಶಂಟಿನ ಮನೆಯಲ್ಲೇ ಕೆಟ್ಟಿರಬಹುದು. ನಮ್ಮ ಚೈನಿನಲ್ಲಿ ಎಲ್ಲಿಯೂ ಉಷ್ಣತೆ ಏರಿಲ್ಲ."

ಏರಿಲ್ಲ, ಇಳಿದದ. ಈ ಮಾತು ಅವಳ ನಾಲಿಗೆಯ ಬುಡದಲ್ಲಿತ್ತು.

"ಮತ್ತ ಈ ಹಳ್ಳಿ ಮಂದಿ ಪಥ್ಯ ಮಾಡ್ತಾರೇನ್ರಿ ಸಾಹೇಬ್ರ?" ವಿಶ್ವನಾಥಪ್ಪ ಕಪ್ಪನ್ನು ಧೋತರದ ಚುಂಗಿನಿಂದ ಒರೆಸುತ್ತ ಅಂದ. "ಬೆಲ್ಲ ಕದ್ದು ತಿಂತಾರ, ಮತ್ತ ಔಷಧಕ್ಕ ಬೈತಾರ. ಮುದುಕೇರಂತೂ ಕೇಳಬ್ಯಾಡ್ರಿ."

ಇಬ್ಬರೂ ನಕ್ಕರು. ಆ ನಗು ಶಾಂಭವಿಗೆ ಗುರುತಿನದು. ನಿನ್ನೆ ಗುರುಬಾಯಿಯ ಅಡುಗೆಮನೆಯಲ್ಲಿ ಅವಳ ಬಾಯಿಂದಲೇ ಬಂದದ್ದು. ಇಷ್ಟು ದಿನ ಈ ಇಬ್ಬರ ಮೇಲೆ ಕೂಡಿಟ್ಟ ತಿರಸ್ಕಾರವೆಲ್ಲ ಒಮ್ಮೆಲೇ ಮನೆಯ ದಾರಿ ಹಿಡಿದು ಅವಳ ಮೇಲೆಯೇ ಬಂದು ಬಿತ್ತು. ಅವರಿಗೆ ನಗಲು ಲಾಭವಾದರೂ ಇತ್ತು. ಅವಳು ಪುಕ್ಕಟೆ ನಕ್ಕಿದ್ದಳು. ಆದರೂ ಆಗಲೂ ಅವಳು ಮಾಡಿದ್ದು ಇಷ್ಟೇ: ಶೀಸೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡಳು, ಖಾಲಿ ಕಪ್ಪುಬಸಿಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಸಂಜೆ ಊರಿಗೆ ಮರಳಿದಾಗ ಗುರುಬಾಯಿಯ ಮನೆಯಲ್ಲಿ ಗದ್ದಲವಿತ್ತು. ಮಗ ಬಸವಕುಮಾರ ಲಾತೂರಿನಿಂದ ಆಗಷ್ಟೇ ಬಂದಿದ್ದ. ಕೈಯಲ್ಲಿ ಥರ್ಮಾಸು.

"ಬಾ ಶಾಂಭವಿ, ನೋಡು," ಎಂದ. "ಭೀಮಶಾನ ಸಹವಾಸೇ ಬ್ಯಾಡಂತ ಲಾತೂರದ ದೊಡ್ಡ ದವಾಖಾನಿ ಮೆಡಿಕಲ್‌ದಿಂದ ತಂದೀನಿ. ನನ್ನ ಕಣ್ಣ ಮುಂದ ಫ್ರಿಜ್‌ದಾಗಿಂದ ತೆಗದು ಕೊಟ್ರು. ಇದಕ್ಕೂ ಇಳೀಲಿಲ್ಲಂದ್ರ ತಿಳೀತು, ನಮ್ಮವ್ವ ಕದಿಯೋದು ಖರೇ. ಆಮ್ಯಾಲ ತಂಗಿ ಮನಿಗಿ ಕಳಿಸಿಬಿಡ್ತೀನಿ, ಆಕಿನೇ ಕಾಯ್ಲಿ."

ಗುರುಬಾಯಿ ಈಗ ಆಣೆ ಹಾಕುವುದನ್ನೂ ಬಿಟ್ಟಿದ್ದಳು. ಸೆರಗು ಸರಿಸಿ ತೋಳು ಮುಂದೆ ಚಾಚಿ ಕೂತಿದ್ದಳು, ಶಿಕ್ಷೆಗೆ ಕೂತವಳಂತೆ.

ಮೀನಲ ಸೂಜಿಗೆ ಔಷಧ ಎಳೆಯತೊಡಗಿದಳು. ಶಾಂಭವಿಯ ಕಣ್ಣು ಶೀಸೆಯ ಮೇಲೆ ನಿಂತಿತು. ಒಳಗಿನ ಔಷಧ ಹಾಲಿನಂತೆ ಸಮನಾಗಿತ್ತು, ಹರಳಿಲ್ಲ, ಒಡಕಿಲ್ಲ. ಇದು ಜೀವಂತ ಔಷಧ. ಮೀನಲ ಎಳೆಯುತ್ತಿದ್ದ ಅಳತೆಯಾದರೋ ಸತ್ತ ಔಷಧಕ್ಕೆಂದು ಡಾಕ್ಟರು ಏರಿಸುತ್ತ ಬಂದ ಅಳತೆ. ಮೂರು ಪಟ್ಟು. ಅದು ಒಳಗೆ ಹೋದರೆ ಮುದುಕಿಯ ಮೈಯ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ಮಲಗಿದವಳು ಮತ್ತೆ ಏಳುವುದಿಲ್ಲ. ಆ ಮನೆಯಲ್ಲಿ ಇದು ಗೊತ್ತಿದ್ದವಳು ಶಾಂಭವಿಯೊಬ್ಬಳೇ.

"ಇವತ್ತರ ಇಳೀತದ ನೋಡೋಣು," ಮೀನಲ ಸೂಜಿಯನ್ನು ಬೆರಳಿಂದ ತಟ್ಟಿದಳು. "ಕದ್ದು ತಿಂದಿದ್ದೆಲ್ಲಾ ಕೂಡೇ ಇಳೀಲಿ."

"ನಿಲ್ಲಸ್ರಿ!"

ಮೀನಲಳ ಕೈ ಗಾಳಿಯಲ್ಲೇ ನಿಂತಿತು. ಎಲ್ಲರೂ ತಿರುಗಿ ನೋಡಿದರು. ಶಾಂಭವಿ ದಿನವೂ ಬಸ್ಸಿನಲ್ಲಿ ಹೆದರುತ್ತಿದ್ದದ್ದು ಇದಕ್ಕೇ.

"ಯಾಕ?" ಎಂದ ಬಸವಕುಮಾರ. "ಏನಾತು?"

"ಅಳತಿ ಹೆಚ್ಚಾಗ್ತದ. ಮೊದಲಿನ ಅಳತಿ ಹಾಕ್ರಿ. ಈಗೇ ಡಾಕ್ಟರಿಗಿ ಫೋನ್ ಹಚ್ಚಿ ಕೇಳ್ರಿ."

"ಹೆಚ್ಚು ಮಾಡಂದವರೇ ಡಾಕ್ಟರ," ಎಂದಳು ಮೀನಲ. "ಅವರಕಿಂತ ಶಾಣ್ಯಾಕಿ ಆದಿ ನೀ?"

ಅಲ್ಲಿಗೇ ಬಿಡಬಹುದಿತ್ತು. ಡಾಕ್ಟರ ಚೀಟಿ ಸರಿ ಕಾಣಲಿಲ್ಲ, ನನ್ನ ತಪ್ಪು ತಿಳುವಳಿಕೆ ಎಂದು ಏನಾದರೂ ಸಣ್ಣ ಸುಳ್ಳಿನಲ್ಲಿ ಆ ಹೊತ್ತನ್ನು ದಾಟಿಸಬಹುದಿತ್ತು. ನಾಳೆ ಗೋದಾಮಿನ ಕುರ್ಚಿಯೂ ಉಳಿಯುತ್ತಿತ್ತು, ಗೋಡೆಯ ಮೇಲಿನ ಹೆಸರೂ ಉಳಿಯುತ್ತಿತ್ತು. ಮುದುಕಿ ಮಾತ್ರ ಜೀವವಿರುವ ತನಕ ಕಳ್ಳಿಯಾಗಿಯೇ ಉಳಿಯುತ್ತಿದ್ದಳು.

ಶಾಂಭವಿ ಕರವಸ್ತ್ರ ಬಿಚ್ಚಿ ಹಳೆಯ ಶೀಸೆಯನ್ನು ಹೊಸದರ ಪಕ್ಕದಲ್ಲಿಟ್ಟಳು. ಒಂದು ಸಮನಾಗಿ ಬಿಳಿ, ಇನ್ನೊಂದು ಒಡೆದದ್ದು. ಅವಳ ಧ್ವನಿ ಪಡಸಾಲೆ ದಾಟಿ ಹೊರಗಿನ ಓಣಿಯವರಿಗೂ ಕೇಳಿಸಿತು.

"ಆಯಿ ಏನೂ ಕದ್ದು ತಿಂದಿಲ್ಲ. ಇಷ್ಟು ದಿನ ಆಕಿಗಿ ಕೊಟ್ಟಿದ್ದು ಸತ್ತ ಔಷಧ. ಬರ್ಫದಾಗ ಹಾಕಿ ಅದನ್ನ ಕೊಂದವರು ನಾವು, ಮತ್ತ ಆ ಗೋದಾಮಿನ ಗ್ವಾಡಿ ಮ್ಯಾಲ ಇರೋ ಹೆಸರು ನಂದು."